ಅಟ್ಟ ಆರಿಂಗೆ?

ಈ ಸರ್ತಿ ಹಪ್ಪಳದ ಶುದ್ದಿಯೂ ಅಲ್ಲ, ಮಾವಿನಮೆಡಿಯ ಶುದ್ದಿಯೂ ಅಲ್ಲ. ರಜ್ಜ ಜಗಳದ ಶುದ್ದಿ. ಎನ್ನ ಬೈದರೂ ತೊಂದರೆ ಇಲ್ಲೆ, ಆದರೆ ಅಖೇರಿವರೆಗೆ ಓದಿಕ್ಕಿ ಬೈಯಿರಿ.

ಓ ಮೊನ್ನೆ ಎಪ್ರಿಲಿಲಿ ಎನ್ನ ದೊಡ್ಡಪ್ಪನ ಮನೆಲಿ ಒಂದು ಪೂಜೆ ಇತ್ತು. ಹಳೇ ಹಂಚಿನ ಮನೆ. ಊಟ ಆದ ಮತ್ತೆ ಅಣ್ಣ° "ಬನ್ನಿ, ಅಟ್ಟ ನೋಡುವೊ°" ಹೇಳಿ ಬಂದವರ ಎಲ್ಲ ಕರಕ್ಕೊಂಡು ಹೋದ°. ಎಂಗೊ ಹೆಮ್ಮಕ್ಕಳೂ ಹಿಂದಂದ ಹತ್ತಿದೆಯೊ°. ಮೇಲೆ ಹೋಗಿ ನೋಡಿರೆ ಅಡಕ್ಕೆ ಗೋಣಿ ಇಲ್ಲೆ, ಹಳೇ ತೊಟ್ಲು ಇಲ್ಲೆ, ಉಪ್ಪಿನಕಾಯಿ ಭರಣಿ ಇಲ್ಲೆ. ಬೆಳಿ ಜಿಪ್ಸಮ್ ಸೀಲಿಂಗು, ಅದರ ಕರೆಲಿ ನೀಲಿ ಬಣ್ಣದ ಲೈಟು, ನೆಲಕ್ಕೆ ಮರದ ಹಾಂಗೆ ಕಾಂಬ ಪ್ಲಾಸ್ಟಿಕ್ ಹಾಸು, ಎರಡು ಮಂಚ, ಒಂದು ಟಿವಿ, ಒಂದು ಏಸಿ. ಫೊಟೊ ತೆಗವಲೆ ಭಾರೀ ಲಾಯ್ಕ. ಖರ್ಚು ನಾಲ್ಕು ಲಕ್ಷ ದಾಂಟಿತ್ತು ಹೇಳಿ ಅಣ್ಣನೇ ಹೇಳಿದ°. ಅಷ್ಟಪ್ಪಗ ಕರೆಂಟು ಹೋತು. ಐದು ನಿಮಿಷ ನಿಂಬಲೆ ಎಡಿಯದ್ದೆ ಎಲ್ಲೋರೂ ಬೆವರು ಉದ್ದಿಗೊಂಡು ಕೆಳ ಇಳುದವು.

ಆನು ಇಳಿವಗ ಕೇಳಿದೆ: "ಅಣ್ಣ, ಇಲ್ಲಿ ಆರು ಒರಗುದು?"

"ಆರಾರು ಬಂದರೆ" ಹೇಳಿದ°.

ಆ ಮನೆಲಿ ಈಗ ಇಪ್ಪದು ಮೂರೇ ಜನ. ಅಣ್ಣ°, ಅತ್ತಿಗೆ, ಮತ್ತೆ ಎನ್ನ ದೊಡ್ಡಮ್ಮ. ದೊಡ್ಡಮ್ಮಂಗೆ ಎಂಬತ್ತಮೂರು ವರ್ಷ. ಬಚ್ಚಲೂ ಪಾಯಿಖಾನೆಯೂ ಈಗಳೂ ಜಾಲಿಂದ ಆಚೆ ಹೊಡೆಲಿ. ಇರುಳು ಎರಡು ಸರ್ತಿ ಅತ್ತಿಗೆ ಟಾರ್ಚು ಹಿಡ್ಕೊಂಡು, ಒಂದು ಕೈಲಿ ದೊಡ್ಡಮ್ಮನ ಹಿಡ್ಕೊಂಡು ಜಾಲು ದಾಂಟೆಕ್ಕು. ಮಳೆಗಾಲಲ್ಲಿ ಕೊಡೆಯೂ ಹಿಡಿಯೆಕ್ಕು, ಮೂರನೇ ಕೈ ಎಲ್ಲಿಂದ ತಪ್ಪದು? ಮನೆ ಒಳಾಣ ಬಚ್ಚಲಿನ ವಿಷಯ ಹೇಳಿರೆ "ಅಟ್ಟದ ಕೆಲಸ ಮುಗಿಯಲಿ, ಮತ್ತೆ ನೋಡುವೊ°" ಹೇಳಿಗೊಂಡಿತ್ತ°. ಅಟ್ಟದ ಕೆಲಸ ಮುಗುತ್ತು. ಅದರೊಟ್ಟಿಂಗೆ ಪೈಸೆಯೂ ಮುಗುತ್ತು.

(ಇದರ ಅತ್ತಿಗೆಯ ಹತ್ರೆ ಕೇಳಿಯೇ ಬರೆತ್ತಾ ಇದ್ದೆ. "ಬರೆ, ಎನ್ನ ಬಾಯಿಂದ ಕೇಳದ್ದದರ ನಿನ್ನ ಬಾಯಿಂದ ಆದರೂ ಕೇಳಲಿ" ಹೇಳಿತ್ತು.)

ಎನ್ನ ಮಾತು ಇಷ್ಟೇ. ಅಟ್ಟವ ಕೋಣೆ ಮಾಡುದು ಬೇಡ ಹೇಳಿ ಆನು ಹೇಳ್ತಿಲ್ಲೆ. ಎಂಗಳ ಮನೆಲಿಯೂ ಮಾಡಿದ್ದೆಯೊ°. ಆದರೆ ಅದರ ಮಾಡೆಕ್ಕಾದ್ದು ಮನೆಲಿ ಇಪ್ಪವಕ್ಕೆ, "ಆರಾರು ಬಂದರೆ" ಹೇಳ್ತ ಆ ಆರಾರಿಂಗೆ ಅಲ್ಲ. ಇಪ್ಪವಕ್ಕೆ ಹೇಳಿ ಮಾಡಿರೆ ಸುರುವಿಂಗೆ ಆಲೋಚನೆ ಮಾಡುದು ಸೆಕೆಯ, ಗಾಳಿಯ, ಮೆಟ್ಲಿನ. ಬಪ್ಪವಕ್ಕೆ ಹೇಳಿ ಮಾಡಿರೆ ಸುರುವಿಂಗೆ ಆಲೋಚನೆ ಮಾಡುದು ಲೈಟಿನ ಬಣ್ಣವ.

ಅಟ್ಟ ಹೇಳಿರೆ ಎಂತ ಹೇಳಿ ಒಂದರಿ ನೆಂಪು ಮಾಡಿಗೊಂಬೊ°. ನಮ್ಮ ಹೆರಿಯೋರು ಅದರ ಮನುಷ್ಯರಿಂಗೆ ಹೇಳಿ ಕಟ್ಟಿದ್ದವಿಲ್ಲೆ. ಅಡಕ್ಕೆಗೆ, ಭತ್ತಕ್ಕೆ, ಹಪ್ಪಳಕ್ಕೆ, ಸೌದಿಗೆ ಕಟ್ಟಿದ್ದು. ನಮ್ಮ ಜಿಲ್ಲೆಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಂದ ಹೆಚ್ಚು ಮಳೆ ಬತ್ತು. ಆ ಚೆಂಡಿಲಿ ಯಾವುದಕ್ಕೂ ಬೂಷ್ಟು ಹಿಡಿಯದ್ದೆ ಒಳಿಯೆಕ್ಕಾರೆ ಬೆಶಿಯೂ ಒಣಕ್ಕೂ ಇಪ್ಪ ಜಾಗೆ ಬೇಕು. ಕೆಳ ಒಲೆ, ಮೇಲೆ ಅಟ್ಟ. ಒಲೆಯ ಹೊಗೆಯೂ ಬೆಶಿಯೂ ಮೇಲೆ ಹೋಗಿ ಅಲ್ಲಿ ಇಪ್ಪದರ ಎಲ್ಲ ಕಾದುಗೊಂಡಿತ್ತು. ಮತ್ತೆ 1860ರ ದಶಕಲ್ಲಿ ಬಾಸೆಲ್ ಮಿಶನಿನವು ಮಂಗಳೂರಿಲಿ ಹಂಚಿನ ಕಾರ್ಖಾನೆ ಸುರು ಮಾಡಿದವು. ನಮ್ಮ ಊರಿನ ಮುಳಿಹುಲ್ಲಿನ ಮಾಡುಗೊ ಒಂದೊಂದಾಗಿ ಹಂಚಿಂಗೆ ಬದಲಿತ್ತು. ಹುಲ್ಲು ಬೆಶಿಲಿನ ತಡೆತ್ತು, ಹಂಚು ಕಾಯ್ತು. ಮಧ್ಯಾಹ್ನ ಕಾದ ಹಂಚಿನ ಬೆಶಿ ಸೀದಾ ಕೆಳ ಇಪ್ಪವರ ತಲಗೇ ಬೀಳ್ತು.

ಹಾಂಗಾಗಿ ಅಟ್ಟ ಬೆಶಿ ಇಪ್ಪದು ಅಟ್ಟದ ದೋಷ ಅಲ್ಲ. ಅದು ಅದರ ಕೆಲಸವ ಸಮಕ್ಕೆ ಮಾಡ್ತಾ ಇದ್ದು. ಅಡಕ್ಕೆಗೆ ಒಳ್ಳೆದಾದ ಜಾಗೆಲಿ ಮನುಷ್ಯನ ಕೂರ್ಸೆಕ್ಕಾರೆ ಆ ಜಾಗೆಯ ಕೆಲಸವನ್ನೇ ಬದಲುಸೆಕ್ಕು. ಪೈಂಟು ಕೊಟ್ಟು ಮಂಚ ಹಾಕಿರೆ ಅಟ್ಟಲ್ಲಿ ಒಂದು ಮಂಚ ಇದ್ದು ಹೇಳಿ ಆವ್ತು, ಕೋಣೆ ಆವ್ತಿಲ್ಲೆ.

ಈ ಬುದ್ಧಿ ಎನಗೆ ಪುಸ್ತಕ ಓದಿ ಬಂದದಲ್ಲ. ಎನ್ನ ತಪ್ಪಿಂದ ಬಂದದು. ಅದನ್ನೂ ಹೇಳ್ತೆ.

2020ರ ಮಾರ್ಚಿಲಿ, ಲಾಕ್‌ಡೌನ್ ಅಪ್ಪಂದ ನಾಲ್ಕು ದಿನ ಮೊದಲು ಮಗನೂ ಸೊಸೆಯೂ ಬೆಂಗ್ಳೂರಿಂದ ಬಂದವು. ಇಬ್ರಿಂಗೂ ಮನೆಂದಲೇ ಕೆಲಸ. ನಮ್ಮ ಬೈಲಿಲಿ ನೆಟ್‌ವರ್ಕ್ ಹೇಳಿರೆ ದೇವರ ಹಾಂಗೆ, ಇದ್ದು ಹೇಳಿ ನಂಬೆಕ್ಕು, ಕಾಂಬಲೆ ಸಿಕ್ಕ. ಮೊಬೈಲು ಹಿಡ್ಕೊಂಡು ಮನೆ ಇಡೀ ಸುತ್ತಿ ಅಖೇರಿಗೆ ಎರಡು ದಿಕ್ಕೆ ಸಿಕ್ಕಿತ್ತು. ಒಂದು ಜೆಗುಲಿಯ ತೆಂಕ ಮೂಲೆ, ಇನ್ನೊಂದು ಅಟ್ಟದ ಪಡು ಹೊಡೆ. ಜೆಗುಲಿಯ ಮೂಲೆ ಮಗಂಗೆ ಆತು, ಅಟ್ಟ ಸೊಸೆಗೆ ಆತು. ಆರೂ ಕೂದು ತೀರ್ಮಾನ ಮಾಡಿದ್ದಲ್ಲ. ಹಾಂಗೇ ಆತು. ಮನೆಲಿ ಹೆಚ್ಚಿನ ಸಂಗತಿಗೊ ಹಾಂಗೇ ಅಪ್ಪದು, ನಿಂಗೊಗೆ ಗೊಂತಿಲ್ಲದ್ದು ಎಂತ ಇದ್ದು?

ಅಡಕ್ಕೆ ಗೋಣಿಗಳ ಎಡಕ್ಕಿಲಿ ಒಂದು ಸ್ಟೂಲು ಮಡಗಿ, ಎನ್ನ ಹಳೇ ಹೊಲಿಗೆ ಮೆಶಿನಿನ ಮೇಲೆ ಲ್ಯಾಪ್‌ಟಾಪು ಮಡಗಿ ಸೊಸೆ ಕೂದತ್ತು. ಉದಿಯಪ್ಪಗ ಒಂಬತ್ತಕ್ಕೆ ಹತ್ತಿರೆ ಊಟಕ್ಕೆ ಇಳಿಗು, ಮತ್ತೆ ಹತ್ತಿರೆ ಹೊತ್ತೋಪಗ ಇಳಿಗು. ತಲೆಗೆ ಚೆಂಡಿ ಬೈರಾಸು ಸುತ್ತಿಗೊಂಡು ಕೂರುಗು. ಮೊದಲು ಎಂಗಳ ಮನೆಲಿ ಹೆರ ಕೂದ ಮೂರು ದಿನ ಅಟ್ಟಕ್ಕೆ ಹತ್ತುಲಾಗ ಹೇಳಿ ಇತ್ತು, ಉಪ್ಪಿನಕಾಯಿ ಹಾಳಾವ್ತು ಹೇಳಿ. ಅಟ್ಟಲ್ಲಿ ನೆಟ್‌ವರ್ಕ್ ಸಿಕ್ಕಿದ ಮತ್ತೆ ಆ ಶಾಸ್ತ್ರದ ಮಾತು ಆರ ಬಾಯಿಲಿಯೂ ಬಯಿಂದಿಲ್ಲೆ. ಉಪ್ಪಿನಕಾಯಿಗೂ ಎಂತ ಆಯಿದಿಲ್ಲೆ.

ಒಂದು ದಿನ ಅದು ಹೇಳಿತ್ತು: "ಅತ್ತೆ, ಮೇಲೆ ತುಂಬ ಸೆಕೆ ಆವ್ತು."

ಆನು ಎಂತ ಹೇಳಿದೆ ಗೊಂತಿದ್ದೋ? "ಎಂತ ಮಾಡುದು ಕೂಸೇ, ನೆಟ್‌ವರ್ಕ್ ಅಲ್ಲಿಯೇ ಇಪ್ಪದಲ್ಲದೋ. ಅಭ್ಯಾಸ ಆವ್ತು."

ಮೇ ತಿಂಗಳಿನ ಸುರುವಿಲಿ ಒಂದು ಮಧ್ಯಾಹ್ನ ಮೂರು ಗಂಟೆಗೆ ಇಳಿವಗ ಅದಕ್ಕೆ ಕಣ್ಣು ಕತ್ತಲೆ ಬಂತು. ಮೆಟ್ಲು ಹೇಳಿ ಹೆಸರು, ನಿಜಕ್ಕೂ ಅದು ಗೋಡೆಗೆ ಎರಗಿಸಿದ ಏಣಿ. ಒಂದೊಂದು ಮೆಟ್ಲು ಒಂದು ಅಡಿ ಎತ್ತರ, ಹಿಡಿವಲೆ ಎಂತ ಇಲ್ಲೆ. ಅಖೇರಿಯಾಣ ನಾಲ್ಕು ಮೆಟ್ಲಿಂದ ಬಿದ್ದ ಕಾರಣ ಎಡದ ಕೈ ಮಾತ್ರ ಮುರುದತ್ತು. ಲಾಕ್‌ಡೌನಿಲಿ ಪಾಸು ಮಾಡ್ಸಿ ಆಸ್ಪತ್ರೆಗೆ ಕರಕ್ಕೊಂಡು ಹೋದೆಯೊ°. ಡಾಕ್ಟ್ರು "ಮೈಲಿ ನೀರೇ ಇಲ್ಲೆ, ಇಷ್ಟು ಸೆಕೆಲಿ ನೀರು ಕುಡಿಯದ್ದೆ ಎಂತಕೆ ಕೂದ್ದು?" ಹೇಳಿ ಕೇಳಿದವು. ಸೊಸೆ ಎಂತ ಹೇಳಿದ್ದಿಲ್ಲೆ. ಮನೆಗೆ ಬಂದ ಮತ್ತೆ ಆನು ಕೇಳಿದೆ. ತಲೆ ತಗ್ಗಿಸಿಗೊಂಡು ಹೇಳಿತ್ತು: "ಕುಡುದರೆ ಇಳಿಯೆಕ್ಕನ್ನೇ ಅತ್ತೆ. ಮೀಟಿಂಗಿನ ಎಡಕ್ಕಿಲಿ ಆ ಏಣಿ ಇಳುದು, ಹೆರ ಹೋಗಿ, ಮತ್ತೆ ಹತ್ತಿ ಬಪ್ಪಲೆ ಎಡಿತ್ತಿಲ್ಲೆ."

ಎರಡು ತಿಂಗಳು ಆ ಕೂಸು ಬಾಯಿ ಒಣಗುಸಿಗೊಂಡು ಎಂಗಳ ತಲೆಯ ಮೇಲೆಯೇ ಕೂದಿತ್ತು. ಆನು ಕೆಳ ಮಜ್ಜಿಗೆ ಕಡಕ್ಕೊಂಡಿತ್ತೆ.

ಎಂಗಳ ಮನೆಲಿ ಆರೂ ಕೆಟ್ಟವು ಅಲ್ಲ. ಎಲ್ಲೋರಿಂಗೂ ಸೊಸೆ ಹೇಳಿರೆ ಪ್ರೀತಿ. ಆದರೂ ಗಾಳಿ ಬಪ್ಪ ಜೆಗುಲಿಯ ಮೂಲೆಯ ಒಂದು ವಾರ ಅದಕ್ಕೆ ಕೊಡುವೊ°, ಒಂದು ವಾರ ಮಗ° ಮೇಲೆ ಕೂರಲಿ ಹೇಳಿ ಒಬ್ಬಂಗೂ ತೋಚಿದ್ದಿಲ್ಲೆ. ಮಗಂಗೂ ತೋಚಿದ್ದಿಲ್ಲೆ. ಎನಗೂ ತೋಚಿದ್ದಿಲ್ಲೆ. ಎನಗೆ ತೋಚೆಕ್ಕಾತು. ಆನೂ ಒಂದು ಕಾಲಲ್ಲಿ ಈ ಮನೆಗೆ ಸೊಸೆಯಾಗಿ ಬಂದದೇ ಅಲ್ಲದಾ?

2022ರಲ್ಲಿ ಅಟ್ಟವ ಕೋಣೆ ಮಾಡುವ ಮಾತು ಬಂತು. ಎಂಗಳ ಯಜಮಾನ್ರೂ ಮಗನೂ ಪೇಟೆಂದ ಒಬ್ಬ ಇಂಟೀರಿಯರಿನವನ ದಿನುಗೇಳಿದವು. ಅವ° ಮೊಬೈಲಿಲಿ ಒಂದರ ಮೇಲೆ ಒಂದು ಚಿತ್ರ ತೋರ್ಸಿದ°. ಜಿಪ್ಸಮ್ಮು, ನೀಲಿ ಲೈಟು, ಏಸಿ. ಆನು ಚಾಯ ಮಡಗಿಕ್ಕಿ ಅಲ್ಲೇ ನಿಂದೆ. "ಇದರ ಎಲ್ಲ ಸೊಸೆಗೆ ತೋರ್ಸಿ. ಅಲ್ಲಿ ಎರಡು ತಿಂಗಳು ಕೂದು ಗೊಂತಿಪ್ಪದು ಅದಕ್ಕೆ ಮಾತ್ರ" ಹೇಳಿದೆ. ಇವಕ್ಕೆ ರಜ್ಜ ಕೋಪ ಬಂತು. ಆದರೆ ಕೈ ಮುರುದ್ದು ಎಲ್ಲೋರಿಂಗೂ ನೆಂಪಿತ್ತು.

ಸೊಸೆ ಒಂದು ಕಾಗದಲ್ಲಿ ಬರದು ಕೊಟ್ಟತ್ತು. ಸುರುವಿಂಗೆ ಮೆಟ್ಲು, ಎರಡನೆದು ಬಚ್ಚಲು, ಮೂರನೆದು ಗಾಳಿ, ನಾಲ್ಕನೆದು ಹಂಚಿನ ಬೆಶಿ, ಐದನೆದು ಕರೆಂಟಿನ ವಯರು. ಚೆಂದ ಆರನೆದು. ಅದೇ ಸಾಲಿಲಿ ಮಾಡಿದೆಯೊ°. ನಿಂಗೊಗೂ ಉಪಕಾರ ಅಕ್ಕು ಹೇಳಿ ಬರೆತ್ತೆ.

ಮೆಟ್ಲು: ಮನೆ ಮೆಟ್ಲಿನ ಒಂದೊಂದು ಹಂತ ಏಳೂವರೆ ಇಂಚಿಂದ ಎತ್ತರ ಇಪ್ಪಲಾಗ, ಕಾಲು ಮಡಗುವ ಜಾಗೆ ಹತ್ತು ಇಂಚಿಂದ ಕಮ್ಮಿ ಇಪ್ಪಲಾಗ ಹೇಳಿ ಕಟ್ಟೋಣದ ನಿಯಮಲ್ಲೇ ಇದ್ದು. ಅಷ್ಟು ಜಾಗೆ ಬೇಕಾರೆ ಉಗ್ರಾಣದ ಒಂದು ತುಂಡು ಕೊಡೆಕ್ಕಾತು. ಕೊಟ್ಟೆ. ಎರಡೂ ಹೊಡೆಲಿ ಕೈ ಹಿಡಿವಲೆ ಹಲಸಿನ ಮರದ್ದು ಆಚಾರಿ ಮಾಡಿ ಕೊಟ್ಟ°.

ಬಚ್ಚಲು: ಅಟ್ಟಲ್ಲಿ ಮಾಡಿದ್ದಿಲ್ಲೆ. ಮರದ ತೊಲೆಯ ಮೇಲೆ ನೀರಿನ ಕೆಲಸ ಮಾಡಿರೆ ಒಂದಲ್ಲ ಒಂದು ದಿನ ಸೋರುಗು, ಮರ ಕುಂಬಾಗಿ ಹೋಕು. ಮೆಟ್ಲಿನ ಬುಡಲ್ಲೇ, ಕೆಳ, ಮನೆ ಒಳವೇ ಮಾಡಿದೆಯೊ°. ಮೇಲೆ ಇಪ್ಪವಕ್ಕೂ ಆತು, ಎನ್ನ ಮಾವಂಗೂ ಆತು. ಒಂದು ಖರ್ಚಿಲಿ ಎರಡು ಕೆಲಸ.

ಗಾಳಿ: ಮಾಡಿನ ಎರಡು ಕೊಡಿಲಿ ಮುಕ್ಕೋಣದ ಗೋಡೆ ಇರ್ತಲ್ಲದಾ, ಅಲ್ಲಿ ಎದುರೆದುರು ಎರಡು ಕಿಟಿಕಿ ಮಡಗಿತ್ತು. ಬೆಶಿ ಗಾಳಿ ಮೇಲೆ ಹೋಪದು, ಅದಕ್ಕೆ ಹೆರ ಹೋಪಲೆ ಮೇಲೆಯೇ ದಾರಿ ಬೇಕು. ಒಂದೇ ಕಿಟಿಕಿ ಮಡಗಿರೆ ಗಾಳಿ ಒಳ ಬಪ್ಪಲೂ ಇಲ್ಲೆ, ಹೋಪಲೂ ಇಲ್ಲೆ.

ಹಂಚಿನ ಬೆಶಿ: ಹಂಚಿನ ಕೆಳ ಅಲ್ಯೂಮಿನಿಯಂ ಹಾಳೆ, ಅದರಿಂದ ಎರಡು ಇಂಚು ಬಿಟ್ಟು ಮರದ ಹಲಗೆಯ ಮುಚ್ಚಿಗೆ. ಆ ಎರಡು ಇಂಚು ಭಾರೀ ಮುಖ್ಯ. ಹಾಳೆಯೂ ಹಲಗೆಯೂ ಒಂದಕ್ಕೊಂದು ಅಂಟಿಗೊಂಡಿದ್ದರೆ ಹಾಳೆ ಹಾಕಿಯೂ ಉಪಕಾರ ಇಲ್ಲೆ, ಬೆಶಿ ಸೀದಾ ದಾಂಟುತ್ತು. ಜಿಪ್ಸಮ್ ಬೇಡ ಹೇಳಿದ್ದು ಎಂತಕೆ ಹೇಳಿರೆ, ನಮ್ಮ ಮಾಡಿಲಿ ವರ್ಷಕ್ಕೆ ನಾಲ್ಕು ಹಂಚಾದರೂ ಮಂಗಂಗೊ ಹಾರಿ ಒಡೆತ್ತವು. ಹಂಚು ಒಡದರೆ ನೀರು ಬೀಳುಗು, ಜಿಪ್ಸಮ್ ನೀರು ಕುಡುದು ಬೀಗುಗು, ಬೂಷ್ಟು ಹಿಡಿಗು. ಹಲಗೆ ಆದರೆ ಬಿಡುಸಿ ಹಂಚು ಬದಲುಸಿ ಪುನಾ ಹಾಕುಲೆಡಿಗು.

ವಯರು: ಹಳೇ ವಯರಿಂಗೆ ಹೊಸ ವಯರಿನ ಕಟ್ಟುಲಾಗ. ಅಟ್ಟಲ್ಲಿ ಎಲಿ ಇದ್ದೇ ಇರ್ತು, ಸುತ್ತ ಒಣ ಮರ. ಬೇರೆಯೇ ಲೈನು, ಪೈಪಿನ ಒಳ, ಅರ್ತಿಂಗ್ ಕೊಟ್ಟು ಎಳೆಶಿದೆಯೊ°.

ಇನ್ನು ಎತ್ತರ. ಮನುಷ್ಯರು ಇಪ್ಪ ಕೋಣೆ ಎರಡೂಮುಕ್ಕಾಲು ಮೀಟರು, ಹೇಳಿರೆ ಒಂಬತ್ತು ಅಡಿ ಎತ್ತರ ಇರೆಕ್ಕು ಹೇಳ್ತವು. ಅಟ್ಟಲ್ಲಿ ನಡುಗೆ ಅಷ್ಟು ಸಿಕ್ಕುಗು, ಎರಡು ಕರೆಲಿ ಸಿಕ್ಕ. ಸಿಕ್ಕದ್ದಲ್ಲಿ ಮಂಚ ಹಾಕಿ ಎದ್ದಪ್ಪಗ ಪಕ್ಕಾಸಿಂಗೆ ತಲೆ ಕುಟ್ಟಿಗೊಂಬದು ಬೇಡ. ಎಂಗೊ ಆ ತಗ್ಗಿನ ಕರೆಗೆ ಬಾಗಿಲು ಮಡಗಿ ಕಪಾಟು ಮಾಡಿದೆಯೊ°. ಭರಣಿಗೊ, ತಾಮ್ರದ ಪಾತ್ರಂಗೊ, ತೊಟ್ಲು ಎಲ್ಲ ಅಲ್ಲಿಯೇ ಇದ್ದು. ಅಟ್ಟವ ಕೋಣೆ ಮಾಡಿರೆ ಸಾಮಾನು ಎಲ್ಲಿಗೆ ಹೋಪದು ಹೇಳಿ ಕೇಳುವವಕ್ಕೆ ಇದು ಉತ್ತರ.

ಎಲ್ಲ ಸೇರಿ ಅಣ್ಣನ ನಾಲ್ಕು ಲಕ್ಷಂದ ಕಮ್ಮಿಯೇ ಆತು, ಬಚ್ಚಲೂ ಸೇರಿ. ಏಸಿ ಇಲ್ಲೆ, ಒಂದು ಫ್ಯಾನು. ಲೊಟ್ಟೆ ಹೇಳ್ತಿಲ್ಲೆ, ಎಪ್ರಿಲಿನ ಮಧ್ಯಾಹ್ನ ಎರಡಕ್ಕೆ ಈಗಳೂ ಬೆಶಿ ಇದ್ದು. ಆದರೆ ಕೂಪಲೆ ಎಡಿಗು.

ಈಗ ನಿಂಗೊ ಎಂತ ಹೇಳುಗು ಹೇಳಿ ಎನಗೆ ಗೊಂತಿದ್ದು.

"ಮಕ್ಕೊ ಊರಿಂಗೆ ಬಪ್ಪಲೆ ಒಂದು ಚೆಂದದ ಕೋಣೆ ಬೇಡದೋ?" ಬೇಕು. ಆದರೆ ಮಕ್ಕೊ ನೀಲಿ ಲೈಟು ನೋಡ್ಲೆ ಬಪ್ಪದಲ್ಲ, ಅದು ಅವಕ್ಕೆ ಅಲ್ಲಿಯೇ ಇದ್ದು. ಬಂದಲ್ಲಿ ಕೂದು ಕೆಲಸ ಮಾಡ್ಲೆ ಎಡಿಗಾದರೆ, ಇರುಳು ಏಳೆಕ್ಕಾದರೆ ಹೆದರಿಕೆ ಇಲ್ಲದ್ದರೆ ನಾಲ್ಕು ದಿನದ್ದು ಹತ್ತು ದಿನ ನಿಲ್ಲುಗು. ಎಂಗಳ ಮಗನೂ ಸೊಸೆಯೂ ಈಗ ವರ್ಷಕ್ಕೆ ಎರಡು ತಿಂಗಳು ಇಲ್ಲಿಂದಲೇ ಕೆಲಸ ಮಾಡ್ತವು. ಈಗ ಒಂದು ವಾರ ಅದು ಜೆಗುಲಿಲಿ, ಒಂದು ವಾರ ಅವ° ಜೆಗುಲಿಲಿ.

"ಮದಲಾಣವು ಅಟ್ಟಲ್ಲಿ ಒರಗಿದ್ದವಿಲ್ಲೆಯೋ?" ಒರಗಿದ್ದವು. ಜೆಂಬ್ರ ಬಂದರೆ ಮಾಣಿಯಂಗೊ ಎಲ್ಲ ಅಲ್ಲಿಯೇ. ಆದರೆ ಇರುಳು ಹಂಚು ತಣುದ ಮತ್ತೆ, ಒಂದೆರಡು ದಿನಕ್ಕೆ. ಮಧ್ಯಾಹ್ನ ಎಂಟು ಗಂಟೆ ಆರೂ ಅಲ್ಲಿ ಕೂದ್ದಿಲ್ಲೆ. ಅಡಕ್ಕೆ ಮಾತ್ರ ಕೂದ್ದು.

"ಅಜ್ಜಿಯ ಮೇಲೆ ಕಳುಸಿರೆ ಕೆಳಾಣ ಕೋಣೆ ನೆಂಟ್ರಿಂಗೆ ಆವ್ತು" ಹೇಳಿಯೂ ಒಂದು ಕಡೆ ಕೇಳಿದ್ದೆ. ಇದಕ್ಕೆ ಎನ್ನ ಉತ್ತರ ಗಟ್ಟಿಯೇ ಇದ್ದು: ಬೇಡ. ಮೊಳಪ್ಪು ಬೇನೆ ಇಪ್ಪವರ ಅಟ್ಟಕ್ಕೆ ಹತ್ತುಸಿರೆ ಅವು ಮತ್ತೆ ಇಳಿತ್ತವಿಲ್ಲೆ. ಊಟವ ಮೇಲಂಗೇ ಕಳುಸುತ್ತವು, ಜೆಗುಲಿಲಿ ನಾಲ್ಕು ಜನರ ಮೋರೆ ಕಾಂಬದು ತಪ್ಪುತ್ತು. ಪ್ರಾಯ ಆದವು ಕೆಳ, ಕಾಲು ಗಟ್ಟಿ ಇಪ್ಪವು ಮೇಲೆ. ಬಂದ ನೆಂಟ್ರು ಎಲ್ಲಿ ಜಾಗೆ ಇದ್ದೋ ಅಲ್ಲಿ.

"ಕಟ್ಟೋಣದ ವಿಷಯ ಹೆಮ್ಮಕ್ಕೊಗೆ ಎಂತ ಗೊಂತಿದ್ದು?" ಮಾಡಿನ ಯಾವ ಮೂಲೆ ಸೋರ್ತು ಹೇಳಿ ಬಾಲ್ದಿ ಮಡುಗುವವಕ್ಕೆ ಗೊಂತಿದ್ದು. ಯಾವ ಮೆಟ್ಲು ಅಲುಗುತ್ತು ಹೇಳಿ ಭರಣಿ ಹಿಡ್ಕೊಂಡು ಇಳಿವವಕ್ಕೆ ಗೊಂತಿದ್ದು. ಬಾಲ್ದಿ ಮಡುಗುದು ಆರು, ಭರಣಿ ಇಳುಸುದು ಆರು ಹೇಳಿ ನಿಂಗಳೇ ಹೇಳಿ.

ಅಕ್ಕಂದ್ರೇ, ತಂಗೆಕ್ಕಳೇ, ನಿಂಗಳ ಮನೆಲಿ ಅಟ್ಟದ ಮಾತು ಬಂದರೆ ಚಾಯ ಮಡಗಿಕ್ಕಿ ಅಡಿಗೆ ಕೋಣೆಗೆ ಹೋಗೆಡಿ. ಅಲ್ಲೇ ನಿಲ್ಲಿ. ನಕ್ಷೆ ಬರವವರ ಹತ್ರೆ ಒಂದೇ ಹೇಳಿ: ಎಪ್ರಿಲಿನ ಒಂದು ಮಧ್ಯಾಹ್ನ ಎರಡು ಗಂಟೆಗೆ ಅಟ್ಟಕ್ಕೆ ಹತ್ತಿ, ಫ್ಯಾನು ಇಲ್ಲದ್ದೆ ಒಂದು ಗಂಟೆ ಕೂದು, ಒಂದು ಚೆಂಬು ನೀರು ಕುಡುದು, ಕತ್ತಲೆ ಆದ ಮತ್ತೆ ಒಂದರಿ ಇಳುದು ಹೆರ ಹೋಗಿ ಬರಲಿ. ಮತ್ತೆ ನಕ್ಷೆ ಬರೆಯಲಿ.

ಅಣ್ಣ ಇದರ ಓದುತ್ತ° ಹೇಳಿ ಎನಗೆ ಗೊಂತಿದ್ದು, ಅತ್ತಿಗೆ ಓದಿ ಹೇಳುಗು. ಕೋಪ ಬಕ್ಕು, ಬರಲಿ. ಅಣ್ಣ, ಆ ಟಿವಿಯ ಆರಿಂಗಾರು ಮಾರು. ಪತ್ತನಾಜೆಗೆ ಇನ್ನೂ ರಜ್ಜ ದಿನ ಇದ್ದು. ಮಳೆ ಹಿಡಿವಂದ ಮೊದಲು ದೊಡ್ಡಮ್ಮಂಗೆ ಮನೆ ಒಳ ಬಚ್ಚಲು ಆಯೆಕ್ಕು. ಮೇಸ್ತ್ರಿಯ ನಂಬ್ರ ಬೇಕಾರೆ ಎನಗೆ ಫೋನು ಮಾಡು.